ಒಂಬತ್ತನೆಯ ಬಂದೂಕಿನ ಬಳೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹಳೆಯ ಯುದ್ಧದ ಬಂದೂಕುಗಳನ್ನು ಹೆತ್ತ ಮಕ್ಕಳ ಹಾಗೆ ಸಾಕುವವರ ಕತೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂಬ ಅಳುಕು ಈ ಕಂತಿಗೆ ಕೂತಾಗಲೂ ಬಿಟ್ಟಿಲ್ಲ. ಈ ಬೆಟ್ಟಗಳ ನಡುವೆ ಇಪ್ಪತ್ತು ಚಳಿಗಾಲ ಕಳೆದಿದ್ದೇನೆ, ಇವರ ಮೇಜಿನಲ್ಲಿ ಉಂಡಿದ್ದೇನೆ. ಆದರೂ ಬಂದೂಕು ಹಿಡಿದ ಕೈ ನನ್ನದಲ್ಲ. ತಪ್ಪು ಕಂಡರೆ ಬಲ್ಲವರು ಮನ್ನಿಸಬೇಕು.

ಲೋರ್ನಾ ಪೆಟ್ರಿಕ್ ಏಳನೆಯ ಸಲ ಬಂದೂಕನ್ನು ಬೀಳಿಸಿದಳು.

ಹಳೆಯ ಜಮಖಾನದ ಮೇಲೆ ಅದು ದೊಪ್ಪೆಂದು ಬಿದ್ದು ಮಗ್ಗುಲಾಯಿತು. ಲೋರ್ನಾ ಮಂಡಿಯೂರಿ ಬಗ್ಗಿ ನೋಡಿದಳು. ಟ್ರಿಗರಿನ ಸುತ್ತ ಇರುವ ಉಕ್ಕಿನ ಬಳೆ ಅಲುಗಿರಲಿಲ್ಲ. ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

"ಕೆಳಗೇನು ಹೆಣ ಬೀಳಿಸ್ತಾ ಇದೀಯೇನೇ?" ಮೆಟ್ಟಿಲ ಮೇಲಿನಿಂದ ಡೇಲ್ ಫೆಟರ್ ಅದುಮಿದ ದನಿಯಲ್ಲಿ ಕೂಗಿದ. "ಇಲ್ಲಿ ಸತ್ತವರ ಮನೆಯವರು ಕೂತು ಅಳ್ತಿದಾರೆ. ಸ್ವಲ್ಪ ಮೆತ್ತಗೆ!"

"ಕ್ಷಮಿಸಿ, ಡೇಲ್. ಇನ್ನೊಂದೇ ಒಂದು ಸಲ."

"ನಾಲ್ಕು ಗಂಟೆ, ಲೋರ್ನಾ! ನೆನಪಿದೆ ತಾನೇ?"

ಡೇಲ್ ಆ ಜಿಲ್ಲೆಯ ಮರಣ ವಿಚಾರಣಾಧಿಕಾರಿ. ಕೆಲ್ಸೊ ಫರ್ನೇಸ್ ಊರಿನ ಶವಸಂಸ್ಕಾರದ ಮನೆಯೂ ಅವನದೇ. ಮೇಲೆ ಹೂವು, ಆರ್ಗನ್ ವಾದ್ಯ, ಅಳು. ಕೆಳಗೆ ನೆಲಮಾಳಿಗೆಯಲ್ಲಿ ಸಹಾಯಕಿ ಲೋರ್ನಾಳ ಕಚೇರಿ. ಐವತ್ತೊಂದರ ಲೋರ್ನಾ ಹನ್ನೆರಡು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದು, ಸಂಜೆ ತರಗತಿಗಳಲ್ಲಿ ಓದಿ ಈ ಕುರ್ಚಿಗೆ ಬಂದವಳು. ಯಾರಾದರೂ ಬಂದು 'ಏಳಮ್ಮ, ಇದು ನಿನ್ನ ಜಾಗವಲ್ಲ' ಎಂದರೆ ತಕ್ಷಣ ಎದ್ದು ನಿಲ್ಲುವಳೇನೋ ಎಂಬಂತೆ ಅದರ ಅಂಚಿನಲ್ಲೇ ಕೂರುತ್ತಿದ್ದಳು.

ಸೋಮವಾರ ಸಂಜೆ ಎಪ್ಪತ್ತನಾಲ್ಕರ ಆರ್ವಿಲ್ ಕೋಸ್ಟ್ಕಾ ತನ್ನ ಮನೆಯ ನೆಲಮಾಳಿಗೆಯಲ್ಲಿ, ತಾನೇ ಕೂಡಿಟ್ಟ ಒಂಬತ್ತು ಗ್ಯಾರಂಡ್ ಎಂಬ ಹಳೆಯ ಸೈನ್ಯದ ಬಂದೂಕುಗಳಲ್ಲಿ ಒಂದರ ಗುಂಡಿಗೆ ಸತ್ತಿದ್ದ. ಮಂಗಳವಾರ ಬೆಳಿಗ್ಗೆ ಗೆಳೆಯ ವೆಂಡೆಲ್ ಸ್ಟೋಫರ್ ಕಂಡು ಪೊಲೀಸರನ್ನು ಕರೆದಿದ್ದ. ಇವತ್ತು ಶುಕ್ರವಾರ. ನಾಲ್ಕು ಗಂಟೆಗೆ ಡೇಲ್ ಮರಣದ ಕಾಗದಕ್ಕೆ ಸಹಿ ಹಾಕುವವನಿದ್ದ. ಅದರಲ್ಲಿ ಸಾಲಾಗಿ ಚೌಕಗಳಿದ್ದವು: ಅಪಘಾತ, ಆತ್ಮಹತ್ಯೆ, ಕೊಲೆ, ತಿಳಿದಿಲ್ಲ. ಡೇಲನ ಪೆನ್ನು ಎರಡನೆಯ ಚೌಕದ ಕಡೆಗೇ ವಾಲಿತ್ತು.

ಲೋರ್ನಾ ಎದ್ದು ಮೇಜಿನ ಮೇಲಿದ್ದ ಫೋಟೋವನ್ನು ಇನ್ನೊಮ್ಮೆ ದೀಪಕ್ಕೆ ಹಿಡಿದಳು. ಯಾರೂ ಏನನ್ನೂ ಮುಟ್ಟುವ ಮೊದಲು ಪೊಲೀಸರು ತೆಗೆದದ್ದು. ಗೋಡೆಯ ಮರದ ಚೌಕಟ್ಟಿನಲ್ಲಿ ಎಂಟು ಬಂದೂಕುಗಳು ಸಾಲಾಗಿ ನಿಂತಿದ್ದವು. ಎಂಟರದ್ದೂ ಟ್ರಿಗರಿನ ಬಳೆ ಕಳಚಿ, ಸತ್ತವರ ದವಡೆಯ ಹಾಗೆ ಕೆಳಗೆ ಜೋತಿತ್ತು.

ಬುಧವಾರ ಅವಳು ರಾಜ್ಯ ಪೊಲೀಸರ ಬಂದೂಕು ತಜ್ಞನಿಗೆ ಫೋನ್ ಮಾಡಿ, ಎಲ್ಲವೂ ಕೆಟ್ಟಿವೆಯೇ ಎಂದು ಕೇಳಿದ್ದಳು. ಆತ ನಕ್ಕಿದ್ದ.

"ಕೆಟ್ಟಿಲ್ಲ ಮೇಡಂ. ಅದು ಗ್ಯಾರಂಡ್ ಸಾಕೋರ ಒಂದು ಪದ್ಧತಿ. ಬಳೆ ಮುಚ್ಚಿದ್ರೆ ಮರದ ಮೈಯನ್ನ ಉಕ್ಕು ಹಿಂಡಿ ಹಿಡ್ಕೊಳ್ಳುತ್ತೆ. ವರ್ಷಗಟ್ಟಲೆ ಹಾಗೇ ಬಿಟ್ರೆ ಮರ ಅಮುಕಿ ಸಡಿಲ ಆಗುತ್ತೆ, ಗುರಿ ತಪ್ಪುತ್ತೆ. ಅದಕ್ಕೇ ಹೊಡೀದೇ ಇಟ್ಟಿರೋವಾಗ ತೆರೆದಿಡ್ತಾರೆ. ಊಟ ಆದ್ಮೇಲೆ ನಾವು ಸೊಂಟದ ಪಟ್ಟಿ ಸಡಿಲ ಮಾಡ್ಕೊಳ್ಳಲ್ವಾ, ಹಾಗೆ."

"ತೆರೆದಿದ್ದಾಗ ಗುಂಡು ಹಾರುತ್ತಾ?"

"ಜೋತಾಡ್ತಿದ್ರೆ ಹಾರಲ್ಲ. ಮುಚ್ಚಲೇಬೇಕು."

ಆಕೆ ಧನ್ಯವಾದ ಹೇಳಿ ಫೋನಿಟ್ಟು, ಅದನ್ನೆಲ್ಲ ಅಂದವಾಗಿ ಬರೆದುಕೊಂಡು, ಕಡತದಲ್ಲಿ ಸೇರಿಸಿ ಮರೆತಿದ್ದಳು. ನಿನ್ನೆ ರಾತ್ರಿ ಹಲ್ಲುಜ್ಜುವಾಗ ಹೊಳೆದಿತ್ತು. ಫೋಟೋದಲ್ಲಿ ಒಂಬತ್ತನೆಯದೂ ಇತ್ತು. ಆರ್ವಿಲ್‌ನ ಕಾಲ ಬಳಿ ನೆಲದ ಮೇಲೆ. ಅವನನ್ನು ಕೊಂದ ಬಂದೂಕು.

ಅದರ ಬಳೆಯೂ ತೆರೆದಿತ್ತು.

ಎಂಟೂ ಹಾಗೇ ಇದ್ದದ್ದರಿಂದ ಒಂಬತ್ತನೆಯದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೊಲೀಸರಿಗೂ ಇಲ್ಲ, ಡೇಲನಿಗೂ ಇಲ್ಲ. ಮೂರು ದಿನ ಆ ಫೋಟೋವನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದ ಲೋರ್ನಾಳಿಗೂ ಇಲ್ಲ. ಅದಕ್ಕಾಗಿ ಅವಳು ತನ್ನನ್ನು ಸಾಕಷ್ಟು ಬೈದುಕೊಂಡಿದ್ದಳು.

ಮುಚ್ಚಿದ್ದರೆ ಮಾತ್ರ ಗುಂಡು ಹಾರುತ್ತದೆ. ಗುಂಡು ಹಾರಿದ ಮೇಲೆ ಆರ್ವಿಲ್ ಒಂದು ಬೆರಳನ್ನೂ ಆಡಿಸಿರಲಾರ ಎಂದು ವೈದ್ಯರೇ ಬರೆದಿದ್ದರು. ಬಿದ್ದ ಹೊಡೆತಕ್ಕೆ ಬಳೆ ತೆರೆದುಕೊಂಡಿರಬಹುದೇ? ಅದಕ್ಕೇ ಈ ಬೆಳಗಿನಿಂದ ಜಮಖಾನ, ಬೀಳಿಸಾಟ. ಆರ್ವಿಲ್‌ನ ಉಳಿದ ಎಂಟು ಬಂದೂಕುಗಳು ಅವಳ ಕಪಾಟಿನಲ್ಲೇ ಇದ್ದವು. ಖಾಲಿಯಿದೆಯೆಂದು ಮೂರು ಸಲ ಖಾತ್ರಿ ಮಾಡಿಕೊಂಡು, ಮೂರನೆಯ ನಂಬರಿನದನ್ನು ತೆಗೆದು, ಬಳೆ ಮುಚ್ಚಿ, ಸ್ಟೂಲಿನ ಎತ್ತರದಿಂದ ಬೀಳಿಸಿದ್ದಳು.

ಎಂಟನೆಯ ಸಲ ಬೀಳಿಸಿದಳು. ಬಳೆ ಅಲುಗಲಿಲ್ಲ.

ಅಲುಗುವುದಾದರೂ ಹೇಗೆ? ನಲವತ್ತು ವರ್ಷ ಆರ್ವಿಲ್ ಆ ಮರಕ್ಕೆ ನೋವಾಗದಂತೆ ನೋಡಿಕೊಂಡಿದ್ದ. ಮರ ಹೊಸದರಂತೆ ಬಿಗಿಯಾಗಿತ್ತು. ಬಳೆಯನ್ನು ತೆರೆಯಲು ಹೆಬ್ಬೆರಳಿಗೆ ಶಕ್ತಿ ಬೇಕಿತ್ತು, ಮನಸ್ಸೂ ಬೇಕಿತ್ತು. ಲೋರ್ನಾ ಮೊದಲ ಸಲ ಪ್ರಯತ್ನಿಸಿದಾಗ ಉಗುರು ಮುರಿದಿತ್ತು.

ಅಂದರೆ ಆ ಸಂಜೆ ನೆಲಮಾಳಿಗೆಯಲ್ಲಿ ಇನ್ನೊಬ್ಬರಿದ್ದರು. ಗುಂಡು ಹಾರಿದ ಮೇಲೆ ಬಂದೂಕನ್ನು ಕೈಗೆತ್ತಿಕೊಂಡಿದ್ದರು. ಕೆಳಗಿಡುವಾಗ, ಅಂಥ ಹೊತ್ತಿನಲ್ಲೂ, ಮರ ಹಿಂಡಿಹೋಗಬಾರದೆಂದು ಬಳೆ ತೆರೆದಿಟ್ಟಿದ್ದರು. ಲೆಕ್ಕ ಹಾಕಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿದ್ದು.

ಮೂರನೆಯ ನಂಬರಿನ ಬಂದೂಕನ್ನು, ಬಳೆ ಮುಚ್ಚಿದ್ದಂತೆಯೇ, ಕಂಬಳಿಯಲ್ಲಿ ಸುತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೊರಬಿದ್ದಳು. ಗಂಟೆ ಒಂದೂ ಕಾಲು.

ಹೊರಗೆ ಹಸಿ ಹಿಮ ಬೀಳುತ್ತಿತ್ತು. ನೆಲ ಮುಟ್ಟಿದೊಡನೆ ಕಪ್ಪಾಗುವ ನವೆಂಬರ್ ಹಿಮ. ತಣ್ಣಗಾಗಿ ಮೂವತ್ತು ವರ್ಷ ಕಳೆದ ಉಕ್ಕಿನ ಕುಲುಮೆಯನ್ನು ದಾಟಿ, ನದಿಯ ಆಚೆಗೆ ವೆಂಡೆಲ್ ಸ್ಟೋಫರ್‌ನ ಮರಗೆಲಸದ ಕೊಟ್ಟಿಗೆಗೆ ಬಂದಳು. ಎಪ್ಪತ್ತರ ವೆಂಡೆಲ್ ಬಂದೂಕುಗಳಿಗೆ ಅಕ್ರೋಟ್ ಮರದ ಮೈ ಮಾಡುವವನು. ಆರ್ವಿಲ್‌ನ ಜೊತೆ ಒಂದೇ ಉಕ್ಕಿನ ಗಿರಣಿಯಲ್ಲಿ ದುಡಿದವನು, ಬಂದೂಕು ಸಂಗ್ರಾಹಕರ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಅವನ ಪಕ್ಕದ ಕುರ್ಚಿಯವನು.

ಆ ಗೆಳೆತನ ಹಳಸಿತ್ತು ಎನ್ನುವುದಕ್ಕೆ ಲೋರ್ನಾಳ ಚೀಲದಲ್ಲಿ ಒಂದು ಚೀಟಿಯಿತ್ತು. ಆರ್ವಿಲ್‌ನ ಮೇಜಿನಲ್ಲಿ ಸಿಕ್ಕಿದ್ದು, ಅವನದೇ ಅಕ್ಷರ. 'ವೆಂಡೆಲ್, ಆ ಮುದ್ರೆಗಳ ವಿಷಯ ನೀನೇ ಹೇಳು. ಇಲ್ಲದಿದ್ದರೆ ಶನಿವಾರ ಕ್ಲಬ್ಬಿನ ತಿಂಡಿಯ ಹೊತ್ತಿಗೆ ಎಲ್ಲರೆದುರು ನಾನು ಹೇಳಬೇಕಾಗುತ್ತೆ.'

"ಬಾಗಿಲು ಹಾಕಮ್ಮ, ಮರಕ್ಕೆ ಚಳಿಯಾಗುತ್ತೆ" ಎಂದ ವೆಂಡೆಲ್, ತಲೆ ಎತ್ತದೆ. ಕೊಟ್ಟಿಗೆಯ ತುಂಬ ಅಗಸೆ ಎಣ್ಣೆಯ ವಾಸನೆ.

"ನಿಮಗೆ ಆಗಲ್ವಾ?"

"ನನಗೆ ಆಗೋದೆಲ್ಲ ಆಗಿಹೋಯ್ತು. ಏನದು ಕಂಬಳಿಯಲ್ಲಿ? ಮಗುವಾ?"

"ಆರ್ವಿಲ್ ಅವರದು. ಇದರ ಮರದ ಮೇಲಿರೋ ಗುರುತು ನಿಜವಾದ್ದಾ ಅಂತ ನೋಡಿ ಹೇಳ್ತೀರಾ?"

ಅವನ ಮುಖ ಬಿಗಿಯಿತು. ಆದರೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕನ್ನಡಕ ಹಾಕಿ, ಎರಡೂ ಕೈಯಿಂದ ಬಂದೂಕನ್ನು ತೆಗೆದುಕೊಂಡ. ಎಡಮಗ್ಗುಲಲ್ಲಿ ಸೈನ್ಯದ ತನಿಖೆಗಾರ ಎಂಬತ್ತು ವರ್ಷದ ಹಿಂದೆ ಒತ್ತಿದ ಸಣ್ಣ ಚೌಕದ ಮುದ್ರೆ. ಅದೊಂದಿದ್ದರೆ ಬಂದೂಕಿಗೆ ಕುಲಗೋತ್ರವಿದ್ದಂತೆ. ಇಲ್ಲದಿದ್ದರೆ ಬರೀ ಮರ, ಬರೀ ಕಬ್ಬಿಣ.

"ಇದು ಅಪ್ಪಟ" ಎಂದ. "ಆರ್ವಿಲ್ ಮನೇಲಿ ಸುಳ್ಳು ಒಂದು ರಾತ್ರಿ ಕೂಡ ನಿಲ್ತಿರಲಿಲ್ಲ. ಸುಳ್ಳು ಬೇಕಾದ್ರೆ ನನ್ನ ಹತ್ರ ಬರಬೇಕು. ಅದನ್ನ ಕೇಳೋಕೆ ತಾನೇ ಬಂದಿದ್ದು?"

ಇಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ಲೋರ್ನಾ ಎಣಿಸಿರಲಿಲ್ಲ. ಕಾರಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದ ಪ್ರಶ್ನೆಗಳೆಲ್ಲ ವ್ಯರ್ಥವಾದವು. ಆದರೆ ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಬಲಗೈ ಹೆಬ್ಬೆರಳಿನ ಮೇಲಿತ್ತು.

ವೆಂಡೆಲ್ ಬಂದೂಕನ್ನು ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿದ. ಬಳೆಯನ್ನು ಮುಟ್ಟಲಿಲ್ಲ.

"ಕಳ್ಳ ಮುದ್ರೆ ಒತ್ತುತ್ತಿದ್ರಿ" ಎಂದಳು ಲೋರ್ನಾ.

"ನಾಲ್ಕು ಸಲ. ನಾಲ್ಕೇ ನಾಲ್ಕು. ಹೊಸ ಮರ ಮಾಡಿ ಹಳೇದರ ಹಾಗೆ ಕಾಣಿಸೋದು ಕಷ್ಟವಲ್ಲ. ಮುದ್ರೆ ಇಲ್ಲದಿದ್ರೆ ಅದು ವಿಧವೆ ಹಾಗೆ ಮೂಲೇಲಿ ನಿಲ್ಲುತ್ತೆ. ನೋಡೋಕಾಗ್ತಿರಲಿಲ್ಲ." ಮೇಜಿನ ಖಾನೆಯಿಂದ ಚಿಂದಿಯಲ್ಲಿ ಸುತ್ತಿದ ಕಬ್ಬಿಣದ ಅಚ್ಚೊಂದನ್ನು ತೆಗೆದು ಅವಳ ಮುಂದಿಟ್ಟ. "ತಗೋ. ಇದೇ."

"ಆರ್ವಿಲ್ ಹೇಳಿಬಿಟ್ಟಿದ್ರೆ?"

"ಆಮೇಲೆ ನಾನು ಯಾವ ಬಂದೂಕಿನ ಮೇಳಕ್ಕೆ ಹೋದ್ರೂ ನನ್ನ ಮೇಜಿನ ಮುಂದೆ ನಿಲ್ಲೋರು ಇರ್ತಿರಲಿಲ್ಲ. ನಾನು ಮಾಡಿದ ಒಳ್ಳೆ ಕೆಲಸವನ್ನೂ ಬಿಚ್ಚಿ ಬಿಚ್ಚಿ ನೋಡೋರು. ನಮ್ಮಲ್ಲಿ ಕುಡುಕನನ್ನ ಕ್ಷಮಿಸ್ತಾರೆ, ಹೆಂಡತಿ ಬಿಟ್ಟೋನನ್ನೂ ಕ್ಷಮಿಸ್ತಾರೆ. ಕಳ್ಳ ಮುದ್ರೆಯೋನನ್ನ ಮಾತ್ರ ಇಲ್ಲ."

"ಕೊಲ್ಲೋಕೆ ಅದು ಸಾಕಾಗುತ್ತೆ, ವೆಂಡೆಲ್."

"ಸಾಕಾಗುತ್ತೆ" ಎಂದ ಮುದುಕ. "ಆದ್ರೆ ನಾನು ಮಂಗಳವಾರ ಬೆಳಿಗ್ಗೆ ಯಾಕೆ ಹೋದೆ ಗೊತ್ತಾ? ಈ ಅಚ್ಚನ್ನ ಅವನ ಕೈಗೇ ಹಾಕಿ, 'ತಗೊಳ್ಳೋ ಧರ್ಮರಾಯ, ನೀನೇ ಸುತ್ತಿಗೆ ತಗೊಂಡು ಚಚ್ಚು' ಅನ್ನೋಣ ಅಂತ. ಅವನಿಗೆ ಗೊತ್ತಾದಾಗಿನಿಂದ ಹದಿನೆಂಟು ದಿನ ನಿದ್ದೆ ಮಾಡದೆ ಅಷ್ಟು ಧೈರ್ಯ ಕೂಡಿಸಿಕೊಂಡಿದ್ದೆ. ಅವನು ನನಗಿಂತ ಮೊದಲೇ ಹೊರಟುಬಿಟ್ಟಿದ್ದ."

ಒಲೆಯಲ್ಲಿ ಸೌದೆ ಸಿಡಿಯಿತು. ಲೋರ್ನಾ ಮೂಗೊರೆಸಿಕೊಂಡು ಕರ್ತವ್ಯಕ್ಕೆ ಮರಳಿದಳು.

"ಸೋಮವಾರ ಸಂಜೆ ಎಲ್ಲಿದ್ರಿ?"

"ಚರ್ಚಿನ ಅಡುಗೆಮನೇಲಿ. ಪಿರೋಗಿ ಕಡುಬಿಗೆ ಆಲೂಗಡ್ಡೆ ಸುಲೀತಿದ್ದೆ, ನಾಲ್ಕರಿಂದ ಒಂಬತ್ತರ ತನಕ. ಹನ್ನೆರಡು ಹೆಂಗಸರು ಸಾಕ್ಷಿ. ಹನ್ನೊಂದು ಜನ ನನ್ನ ಸಿಪ್ಪೆ ದಪ್ಪ ಅಂತ ಬೈದ್ರು."

"ಹನ್ನೆರಡನೆಯವರು?"

"ಅವಳಿಗೆ ಕಣ್ಣು ಕಾಣಿಸಲ್ಲ."

ಅವಳಿಗೆ ನಗು ಬಂದು, ಬಂದದ್ದಕ್ಕೆ ನಾಚಿಕೆಯಾಯಿತು. ಎದ್ದು ಗೋಡೆಯ ಬಳಿ ಹೋದಳು. ವೆಂಡೆಲ್‌ನ ಸ್ವಂತದ ಮೂರು ಗ್ಯಾರಂಡ್‌ಗಳು ಅಲ್ಲಿದ್ದವು. ಮೂರರ ಬಳೆಯೂ ಮುಚ್ಚಿತ್ತು. ಬಳೆ ಮರಕ್ಕೆ ಕೂಡುವ ಸಂದಿನಲ್ಲಿ ಮರದ ಪುಡಿ ವರ್ಷಗಳಿಂದ ಎಣ್ಣೆ ಹೀರಿ ಗೆರೆಯಾಗಿ ಗಟ್ಟಿಯಾಗಿತ್ತು. ನಾಲ್ಕು ದಿನದಲ್ಲಿ ಯಾರೂ ಹೂಡಬಹುದಾದ ನಾಟಕವಲ್ಲ ಅದು.

"ನೀವು ಇವನ್ನ ತೆರೆದಿಡಲ್ವಾ?"

"ಅಯ್ಯೋ, ಅದು ಆರ್ವಿಲ್ ಮನೆಯ ಮಡಿ!" ವೆಂಡೆಲ್‌ನ ದನಿಯಲ್ಲಿ ಮೊದಲ ಸಲ ಜೀವ ಬಂತು. "ಎರಡು ಯುದ್ಧದ ಮಳೆ, ಕೆಸರು, ರಕ್ತ ಎಲ್ಲ ಕುಡಿದ ಮರ. ನನ್ನ ಗೋಡೆ ಮೇಲೆ ನಿಂತ್ರೆ ಸವೆದುಹೋಗುತ್ತಾ? ಮೂವತ್ತು ವರ್ಷ ಇದೇ ಜಗಳ. 'ಆರ್ವಿಲ್, ಇಷ್ಟು ಉಪಚಾರ ಹೆಂಡತಿಗೂ ಮಾಡಿದ್ಯೇನೋ' ಅಂತ ಕ್ಲಬ್ಬಿನೋರೆಲ್ಲ ರೇಗಿಸ್ತಿದ್ವಿ. ಅವನು ಮೂತಿ ಊದಿಸ್ಕೊಂಡು ಕಾಫಿ ಕುಡೀತಿದ್ದ."

"ಕ್ಲಬ್ಬಿನಲ್ಲಿ ಬೇರೆ ಯಾರೂ ಹಾಗೆ ಮಾಡಲ್ವಾ?"

"ಒಬ್ರೂ ಇಲ್ಲ."

"ಅವರು ಯಾರಿಗೂ ಕಲಿಸಿರಲಿಲ್ವಾ?"

ವೆಂಡೆಲ್ ಕನ್ನಡಕ ತೆಗೆದು ಒರೆಸತೊಡಗಿದ. ಆಗಲೇ ಶುಭ್ರವಾಗಿದ್ದ ಕನ್ನಡಕ. "ಕಲಿಯೋಕೆ ಯಾರಿದ್ರು?" ಎಂದು ಒಲೆಯ ಕಡೆ ತಿರುಗಿ, ಬೇಕಿಲ್ಲದ ಸೌದೆಯೊಂದನ್ನು ತುರುಕಿದ. "ಹೊರಡಮ್ಮ. ರಸ್ತೆ ಹೆಪ್ಪುಗಟ್ಟುತ್ತೆ."

ದುಃಖ ಎಂದುಕೊಂಡಳು ಲೋರ್ನಾ. ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಹೊರಟಳು. ಚರ್ಚಿನ ಬಳಿ ಕಾರು ನಿಲ್ಲಿಸಿ ಕೇಳಿದ್ದಕ್ಕೆ ಅಡುಗೆಮನೆಯ ಹೆಂಗಸೊಬ್ಬಳು, ವೆಂಡೆಲ್ ಆ ಸಂಜೆ ಐದು ಗಂಟೆ ಕಾಲ ಅಲ್ಲೇ ಇದ್ದನೆಂದೂ ಸಿಪ್ಪೆ ನಿಜಕ್ಕೂ ದಪ್ಪವೆಂದೂ ಹೇಳಿದಳು.

ಹಿಂದಿರುಗುವ ದಾರಿಯುದ್ದಕ್ಕೂ ಅವಳ ಮನಸ್ಸು ಗಾಣದೆತ್ತಿನ ಹಾಗೆ ಒಂದೇ ಸುತ್ತು ಸುತ್ತಿತು. ಆ ಪದ್ಧತಿ ಇದ್ದದ್ದು ಒಬ್ಬನಿಗೆ. ಆ ಒಬ್ಬ ಸತ್ತಿದ್ದ. ಹಾಗಾದರೆ ಆ ಬಳೆ ತೆರೆದದ್ದು ಯಾರು? ಹೆಣವೇ ಎದ್ದು ತೆರೆಯಿತೇ? ಅಥವಾ ಸಂಜೆ ತರಗತಿಯಲ್ಲಿ ಓದಿದ ಹೆಂಗಸೊಬ್ಬಳು, ತನಗೆ ಗೊತ್ತಿಲ್ಲದ ವಿದ್ಯೆಯಲ್ಲಿ ಕೈಹಾಕಿ ಇಲ್ಲದ ಗಂಟು ಕಟ್ಟುತ್ತಿದ್ದಾಳೆಯೇ?

ಕಚೇರಿಗೆ ಬಂದಾಗ ಮೂರೂ ಮುಕ್ಕಾಲು. ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ನೋರೀನ್ ಕೂತಿದ್ದಳು. ಆರ್ವಿಲ್‌ನ ಒಬ್ಬಳೇ ಮಗಳು. ವಯಸ್ಸು ನಲವತ್ತನಾಲ್ಕು. ಶಾಲೆಯ ಬಸ್ಸು ಓಡಿಸುವ ಅವಳು ಮಕ್ಕಳನ್ನು ಇಳಿಸಿ ನೇರ ಬಂದಿದ್ದಳು. ಒದ್ದೆ ಕೋಟು ಕೂಡ ತೆಗೆದಿರಲಿಲ್ಲ.

"ನಾಲ್ಕು ಗಂಟೆಗೆ ಅಂತ ಡೇಲ್ ಹೇಳಿದ್ರು" ಎಂದಳು. "ಯಾವ ಚೌಕಕ್ಕೆ ಗುರುತು ಹಾಕ್ತೀರಿ ಅಂತ ನನಗೆ ಮೊದಲೇ ಗೊತ್ತಾಗಬೇಕು. ಕಾಗದದಲ್ಲಿ ನೋಡೋಕೆ ನನ್ನ ಕೈಲಾಗಲ್ಲ."

"ಒಳಗೆ ಬನ್ನಿ. ಕಾಫಿ ಕುಡೀತೀರಾ?"

"ಬೇಡ. ನಿದ್ದೆ ಮೊದಲೇ ಇಲ್ಲ."

ಲೋರ್ನಾ ಕಂಬಳಿಯ ಗಂಟನ್ನು ಮೇಜಿನ ಮೇಲಿಟ್ಟು ಎದುರು ಕೂತಳು. ಮಂಗಳವಾರ ನೋರೀನ್ ಹೇಳಿದ್ದನ್ನು ಅವಳೇ ಬರೆದುಕೊಂಡಿದ್ದಳು. ಭಾನುವಾರ ಅಪ್ಪನ ಜೊತೆ ಜಗಳ. ಅಮ್ಮ ತೀರಿಕೊಂಡ ವರ್ಷದ ಪೂಜೆಗೆ ಅವನು ಚರ್ಚಿಗೆ ಬರಲಿಲ್ಲ, ಬಂದೂಕಿನ ಮೇಳಕ್ಕೆ ಹೋಗಿದ್ದ. ಭಾನುವಾರದ ನಂತರ ಆ ಮನೆಗೆ ಕಾಲಿಟ್ಟಿಲ್ಲ. ಬಂದೂಕು ಕಂಡರಾಗದು, ಮುಟ್ಟಿ ಇಪ್ಪತ್ತು ವರ್ಷವಾಯಿತು.

"ನಾನು ಏನು ಹೇಳಿದೆ ಗೊತ್ತಾ ಅವನಿಗೆ?" ನೋರೀನ್ ತನ್ನ ಅಂಗೈಗಳನ್ನೇ ನೋಡುತ್ತಿದ್ದಳು. "'ನಿನಗೆ ಮಗಳು ಯಾಕಪ್ಪ? ಆ ಕಟ್ಟಿಗೆಗಳ ಜೊತೇಲೇ ಸಾಯಿ' ಅಂದೆ. ಹಾಗೇ ಅಂದೆ. ಅವನು ಸುಮ್ಮನೆ ಎಣ್ಣೆ ಬಟ್ಟೆ ಮಡಿಸ್ತಿದ್ದ. ಮಾರನೇ ದಿನವೇ ಹಾಗಾಯ್ತು. ಆ ಎರಡನೇ ಚೌಕಕ್ಕೆ ನೀವು ಗುರುತು ಹಾಕಿದ್ರೆ ಅದು ನನ್ನ ಹೆಸರು ಬರೆದ ಹಾಗೆ. ನಾನೇ ಕೊಂದೆ ಅಂತ ಬರೆದ ಹಾಗೆ."

ಇಂಥ ಹೊತ್ತಿನಲ್ಲಿ ಮಾತಾಡಬಾರದೆಂದು ತರಗತಿಯಲ್ಲಿ ಕಲಿಸಿದ್ದರು. ಖಾತ್ರಿಯಾಗುವ ತನಕ ಮನೆಯವರಿಗೆ ಏನನ್ನೂ ಹೇಳಬೇಡಿ. ಲೋರ್ನಾ ಆ ಪಾಠವನ್ನು ಮನಸ್ಸಿನಲ್ಲೇ ಒಮ್ಮೆ ಓದಿಕೊಂಡಳು. ಆಮೇಲೆ ಎದುರಿಗಿದ್ದ ಕೈಗಳನ್ನು ನೋಡಿದಳು. ಚಳಿಗೆ ಒಡೆದ, ಸ್ಟಿಯರಿಂಗ್ ಹಿಡಿದು ಹಿಡಿದು ಗಂಟುಗಟ್ಟಿದ ಕೈಗಳು. ಮಾತು ಬಾಯಿಂದ ಜಾರಿತು.

"ನೋರೀನ್, ನಿಮ್ಮ ಮಾತಿನಿಂದ ಅಪ್ಪ ಸತ್ತಿಲ್ಲ. ಅವರು ತಾವಾಗಿ ಸತ್ತದ್ದೇ ಅಲ್ಲ ಅಂತ ನನಗೆ ಅನ್ನಿಸ್ತಿದೆ. ಅದಕ್ಕೆ ಒಂದು ಕಾರಣ ಸಿಕ್ಕಿದೆ."

ನೋರೀನ್ ತಲೆ ಎತ್ತಿದಳು. "ನಿಜವಾಗ್ಲೂ?"

"ಏನು ಅಂತ ಈಗ ಹೇಳೋ ಹಾಗಿಲ್ಲ. ಆದ್ರೆ ಡೇಲ್‌ಗೆ ಇವತ್ತು ಸಹಿ ಹಾಕೋಕೆ ಬಿಡಲ್ಲ."

ನೋರೀನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ನಾಲ್ಕು ದಿನ ಕಟ್ಟಿಟ್ಟಿದ್ದು ಒಡ್ಡು ಒಡೆದ ಹಾಗೆ ಬಂತು. ಲೋರ್ನಾ ಕಾಗದದ ಕರವಸ್ತ್ರಗಳ ಪೆಟ್ಟಿಗೆಯನ್ನು ಮುಂದಕ್ಕೆ ಸರಿಸಿದಳು. ಮೇಲೆ ಆರ್ಗನ್ ನಿಂತು, ಕುರ್ಚಿಗಳು ಸರಿದ ಸದ್ದಾಯಿತು. ಸತ್ತವರ ಮನೆಯವರು ಹೊರಡುತ್ತಿದ್ದರು.

ಅಳು ತಗ್ಗಿದ ಮೇಲೆ ನೋರೀನ್‌ಳ ದೃಷ್ಟಿ ಕಂಬಳಿಯ ಮೇಲೆ ಬಿತ್ತು. ತುದಿಯಲ್ಲಿ ಮರ ಇಣುಕುತ್ತಿತ್ತು.

"ಅದು ಮೂರನೇದಲ್ವಾ?" ಎಂದಳು. "ಹಿಂಗಡೆ ಒಂದು ಕಚ್ಚು ಇದೆ ನೋಡಿ. ನಾನು ಚಿಕ್ಕವಳಿದ್ದಾಗ ಮೆಟ್ಟಿಲಿಂದ ಬೀಳಿಸಿದ್ದೆ. ಅಪ್ಪ ಬೈಯಲೇ ಇಲ್ಲ. 'ಈಗ ಇದು ನಿನ್ನದೂ ಆಯ್ತು' ಅಂದ. ಒಂದು ಸಲ ಹಿಡ್ಕೊಳ್ಳಬಹುದಾ?"

"ಖಾಲಿ ಇದೆ. ಹಿಡ್ಕೊಳ್ಳಿ."

ನೋರೀನ್ ಕಂಬಳಿ ಬಿಡಿಸಿದಳು. ಬಂದೂಕನ್ನು ಎತ್ತಿ, ಖಾಲಿಯೆಂದು ಹೇಳಿದ್ದರೂ, ಹಿಡಿಯನ್ನು ಹಿಂದಕ್ಕೆಳೆದು ಗುಂಡಿನ ಗೂಡನ್ನು ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿಯೂ ನೋಡಿದಳು. ಒಳ್ಳೆಯ ಗುರು ಕಲಿಸಿದ್ದು. ಆ ಕಚ್ಚಿನ ಮೇಲೆ ಬೆರಳಾಡಿಸಿದಳು. ಮರಕ್ಕೆ ಕೆನ್ನೆ ತಾಗಿಸಿ ಒಂದು ಉಸಿರೆಳೆದಳು. ಎಣ್ಣೆ, ತಂಬಾಕು, ಅಪ್ಪ.

"ಸಾಕು" ಎಂದು ಅದನ್ನು ಮೇಜಿನ ಮೇಲೆ ಮಲಗಿಸಿದಳು.

ಮಲಗಿಸುತ್ತಿದ್ದಂತೆಯೇ, ಅವಳ ಕಣ್ಣು ಇನ್ನೂ ಸೂರಿನಡಿಯ ಸಣ್ಣ ಕಿಟಕಿಯ ಹಿಮದ ಮೇಲಿರುವಾಗಲೇ, ಬಲಗೈ ಹೆಬ್ಬೆರಳು ತಾನಾಗಿ ಹಿಂದಕ್ಕೆ ಜಾರಿ ಬಳೆಯ ಕೊಂಡಿಗೆ ಸಿಕ್ಕಿಕೊಂಡಿತು. ಒಂದು ಸಣ್ಣ ತಿರುಚು.

ಟಕ್.

ಬಳೆ ಕಳಚಿ ಜೋತುಬಿತ್ತು.

ಉಗುರು ಮುರಿಯಲಿಲ್ಲ. ಶಕ್ತಿ ಹಾಕಿದಂತೆಯೂ ಕಾಣಲಿಲ್ಲ. ಎಂಟು ವರ್ಷದ ಹುಡುಗಿಗೆ ಅಪ್ಪ ಕಲಿಸಿದ್ದನ್ನು ನಲವತ್ತನಾಲ್ಕರ ಕೈ ಮರೆತಿರಲಿಲ್ಲ. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಕಣ್ಣೊರೆಸಿಕೊಂಡು, ನಾಲ್ಕು ದಿನದಲ್ಲಿ ಮೊದಲ ಸಲ, ಲೋರ್ನಾಳನ್ನು ನೋಡಿ ಸಣ್ಣಗೆ ನಕ್ಕಳು.

ಲೋರ್ನಾ ನಗಲಿಲ್ಲ. ಒರೆಸಬೇಕಿಲ್ಲದ ಕನ್ನಡಕವನ್ನು ವೆಂಡೆಲ್ ಯಾಕೆ ಒರೆಸಿದನೆಂದು ಈಗ ಅರ್ಥವಾಯಿತು. ಕಲಿಯೋಕೆ ಯಾರಿದ್ರು ಎಂದಿದ್ದ. ಇದ್ದಳು.

ಮೆಟ್ಟಿಲ ಮೇಲೆ ಡೇಲನ ಬೂಟಿನ ಸದ್ದು. "ಲೋರ್ನಾ! ಕಾಗದ ಎಲ್ಲಿ? ನನಗೆ ಇನ್ನೂ ಒಂದು ಹೆಣ ತರೋದಿದೆ."

"ಒಂದೇ ನಿಮಿಷ, ಡೇಲ್. ಕೆಳಗೆ ಬರಬೇಡಿ."

ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು. ಬೂಟುಗಳು ನಿಂತವು.

"ನೋರೀನ್" ಎಂದಳು ಮೆಲ್ಲಗೆ. "ಸೋಮವಾರ ಸಂಜೆ ನೀವು ಅಪ್ಪನ ಮನೆಗೆ ಹೋಗಿದ್ರಾ?"

"ಇಲ್ಲ. ಹೇಳಿದ್ನಲ್ಲ, ಭಾನುವಾರದಿಂದ..."

ಲೋರ್ನಾಳ ಕಣ್ಣು ಎಲ್ಲಿದೆಯೆಂದು ನೋರೀನ್ ನೋಡಿದಳು. ಮೇಜನ್ನು ನೋಡಿದಳು. ಜೋತ ಬಳೆಯನ್ನು ನೋಡಿದಳು. ಆಮೇಲೆ ತನ್ನದೇ ಹೆಬ್ಬೆರಳನ್ನು, ಬೇರೆ ಯಾರದೋ ಎಂಬಂತೆ, ಬಹಳ ಹೊತ್ತು ನೋಡಿದಳು. ನಗು ಮುಖದಿಂದ ಇಳಿದುಹೋಗಿತ್ತು. ಕೋಟಿನಿಂದ ಹಿಮದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಅವಳು ನಿಧಾನವಾಗಿ ಕೈ ಚಾಚಿ ಬಳೆಯನ್ನು ಒತ್ತಿ ಮುಚ್ಚಿದಳು.

ಟಕ್.

ಆ ಸೋಮವಾರ ಸಂಜೆ ಒಂಬತ್ತನೆಯ ಬಂದೂಕಿನ ಬಳೆ ತೆರೆದ ಕೈ ಯಾವುದೆಂದು ಲೋರ್ನಾಳಿಗೆ ಈಗ ಸಂಶಯವಿರಲಿಲ್ಲ. ಆದರೆ ಆ ಕೈ ಬಂದೂಕನ್ನು ಎತ್ತಿಕೊಂಡದ್ದು ಅಪ್ಪನನ್ನು ಕೊಂದೋ, ತಾನಾಗಿ ಸತ್ತುಬಿದ್ದ ಅಪ್ಪನ ಮಡಿಲಿನಿಂದಲೋ? ಮೊದಲನೆಯದಾದರೆ ಒಂದು ಚೌಕ, ಎರಡನೆಯದಾದರೆ ನೋರೀನ್ ಹೆದರಿದ್ದ ಆ ಇನ್ನೊಂದು ಚೌಕ. ಎರಡರಲ್ಲಿ ಯಾವುದೆಂದು ಲೋರ್ನಾಳಿಗೆ ತಿಳಿಯಲಿಲ್ಲ. ಇಷ್ಟು ಹೇಳಿದ ನನಗೂ, ನಿಜ ಹೇಳಬೇಕೆಂದರೆ, ತಿಳಿದಿಲ್ಲ.